ಹಗ್ಗದ ಬುಡ ಕೀನ್ಯಾದ ಕಡಲಲ್ಲಿ, ಸುಂಕ ಯಾರ ಜೇಬಿಗೆ?

ಪ್ರಶ್ನೆ: ನಮ್ಮೂರು ತುಮಕೂರು. ಹನ್ನೆರಡು ವರ್ಷದಿಂದ ನೈರೋಬಿಯಲ್ಲಿ ಅಕೌಂಟೆಂಟ್ ಆಗಿದ್ದೇನೆ. ಭೂಮಿಯಿಂದ ಬಾಹ್ಯಾಕಾಶದವರೆಗೆ ಹಗ್ಗ ಕಟ್ಟಿ ಅದರ ಮೇಲೆ ಸರಕು ಹತ್ತಿಸುವ ಸ್ಪೇಸ್ ಎಲಿವೇಟರ್ ಬಗ್ಗೆ ಇಲ್ಲಿನ ಗೆಳೆಯರಲ್ಲಿ ಜೋರು ಚರ್ಚೆ. ಅದು ಸಮಭಾಜಕ ವೃತ್ತದ ಮೇಲೇ ಬರಬೇಕಂತೆ, ಆದ್ದರಿಂದ ಕೀನ್ಯಾದ ಕರಾವಳಿಗೆ ಬಂದೇ ಬರುತ್ತದೆ, ದೇಶ ಇನ್ನೊಂದು ಸಿಂಗಪುರ ಆಗುತ್ತದೆ ಎಂದು ಒಬ್ಬರ ವಾದ. ಮೊಂಬಾಸಾ ರೈಲಿನ ಸಾಲವೇ ತೀರಿಲ್ಲ, ಇದೂ ಬಂದರೆ ದೇಶ ಮುಳುಗಿತು ಎಂದು ಇನ್ನೊಬ್ಬರ ವಾದ. ಇದರ ನಡುವೆ ನನ್ನ ಷಡ್ಡಕರು ಮಾಲಿಂದಿ ಹತ್ತಿರ ಒಂದು ಪ್ಲಾಟ್ ನೋಡಿಟ್ಟಿದ್ದಾರೆ. 'ಲಿಫ್ಟ್ ಬಂದರೆ ಬೆಲೆ ಹತ್ತು ಪಟ್ಟು' ಎಂದು ಬ್ರೋಕರ್ ಹೇಳಿದನಂತೆ. ಇದರಲ್ಲಿ ನಿಜ ಎಷ್ಟು? ಬಡ ದೇಶವೊಂದು ಇಂಥ ಯೋಜನೆಗೆ ಕೈಹಾಕಿದರೆ ಅದರ ಆರ್ಥಿಕತೆಗೆ ಏನಾಗುತ್ತದೆ?

ಉತ್ತರ: ಇಷ್ಟು ದೊಡ್ಡ ಯೋಜನೆ ಮನೆ ಬಾಗಿಲಿಗೆ ಬಂದಾಗ ಲಾಭ ಆ ದೇಶಕ್ಕೆ ಸಿಗುತ್ತದೋ ಅಥವಾ ಸಾಲ ಮಾತ್ರ ಉಳಿಯುತ್ತದೋ ಎಂಬುದು ನಿಮ್ಮ ಆತಂಕ. ನಿಮ್ಮ ಇಬ್ಬರೂ ಗೆಳೆಯರ ಮಾತಿನಲ್ಲಿ ಅರ್ಧರ್ಧ ನಿಜವಿದೆ.

ಮೊದಲು ಸದ್ಯದ ಸ್ಥಿತಿ. ಸ್ಪೇಸ್ ಎಲಿವೇಟರ್ ಕಟ್ಟಲು ಬೇಕಾದ ಹಗ್ಗ ಇಂದು ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಒಳ್ಳೆಯ ಉಕ್ಕಿನ ತಂತಿಯನ್ನು ನೇರ ತೂಗುಬಿಟ್ಟರೆ ಕೆಲವು ಹತ್ತು ಕಿಲೋಮೀಟರಿಗೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಇಲ್ಲಿ ಬೇಕಿರುವುದು ಭೂಸ್ಥಿರ ಕಕ್ಷೆಯವರೆಗೆ (ಉಪಗ್ರಹ ಭೂಮಿಯ ಜೊತೆಗೇ ಸುತ್ತಿ ಒಂದೇ ಜಾಗದ ನೆತ್ತಿಯ ಮೇಲೆ ನಿಂತಂತೆ ಕಾಣುವ ಎತ್ತರ) 35,786 ಕಿಲೋಮೀಟರ್, ಆಚೆಗೆ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯುವ ಪ್ರತಿತೂಕದವರೆಗೆ ಇನ್ನೂ ಅಷ್ಟೋ ಎರಡರಷ್ಟೋ. ಲೆಕ್ಕದ ಪ್ರಕಾರ ಆ ಬಲ ಇರುವ ವಸ್ತು ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸೂಕ್ಷ್ಮ ಕೊಳವೆ. ಆದರೆ ಅದರ ಒಂಟಿ ಎಳೆಯನ್ನು ಚೀನಾದ ಸಂಶೋಧಕರು 2013ರಲ್ಲಿ ಬೆಳೆಸಿದ್ದು ಸುಮಾರು ಅರ್ಧ ಮೀಟರ್ ಉದ್ದಕ್ಕೆ. ಜಪಾನಿನ ಒಬಯಾಶಿ ಕಂಪನಿ 2012ರಲ್ಲಿ 96,000 ಕಿಲೋಮೀಟರ್ ಹಗ್ಗದ ಯೋಜನೆ ಪ್ರಕಟಿಸಿ 2050ರ ಗುರಿ ಇಟ್ಟುಕೊಂಡಿತು. ಅದೂ ವಸ್ತು ಸಿಕ್ಕರೆ ಎಂಬ ಷರತ್ತಿನ ಮೇಲೆ. ಹಾಗಾಗಿ ಮಾಲಿಂದಿಯಲ್ಲಿ ಇಂದು ಯಾರಾದರೂ ಲಿಫ್ಟಿನ ಹೆಸರಲ್ಲಿ ಬೆಲೆ ಏರಿಸಿದ್ದರೆ ಅದಕ್ಕೆ ಬುಡವಿಲ್ಲ. ಹಾಗೆಂದು ಇದು ಯೋಚಿಸಬಾರದ ವಿಷಯವೂ ಅಲ್ಲ. ವಸ್ತು ಸಿಕ್ಕ ದಿನ ಒಪ್ಪಂದದ ಕರಡು ಹಿಡಿದು ಬರುವವರು ತಯಾರಾಗಿಯೇ ಬರುತ್ತಾರೆ; ಆತಿಥ್ಯ ಕೊಡುವ ದೇಶವೂ ಅಷ್ಟೇ ತಯಾರಿರಬೇಕು.

ಇನ್ನು 'ಸಮಭಾಜಕ ವೃತ್ತ ನಮ್ಮದು, ಬಿಟ್ಟು ಎಲ್ಲಿಗೆ ಹೋಗುತ್ತಾರೆ' ಎಂಬ ಮಾತು. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತ್ಯಂತ ಅಪಾಯಕಾರಿ ತಪ್ಪು ಇದೇ. ಸಮಭಾಜಕ ವೃತ್ತದ ಸುತ್ತಳತೆ 40,075 ಕಿಲೋಮೀಟರ್; ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರೀ ನೀರು. ಹಗ್ಗದ ಬುಡವನ್ನು ತೇಲುವ ವೇದಿಕೆಗೆ ಕಟ್ಟುವುದೇ ಅನುಕೂಲ. ಹಗ್ಗಕ್ಕೆ ಎದುರಾಗಿ ಬರುವ ಹಳೆಯ ಉಪಗ್ರಹ, ರಾಕೆಟ್ ಚೂರುಗಳಿಂದ ತಪ್ಪಿಸಲು ಬುಡವನ್ನು ಅತ್ತಿತ್ತ ಸರಿಸಬೇಕಾಗುತ್ತದೆ, ನೆಲದ ಮೇಲೆ ಅದು ಆಗದು. ಅಮೆರಿಕದ ಬ್ರಾಡ್ಲಿ ಎಡ್ವರ್ಡ್ಸ್ 2000ರ ನಂತರ ನಾಸಾ ನೆರವಿನಿಂದ ನಡೆಸಿದ ಅಧ್ಯಯನದಲ್ಲಿ ಆರಿಸಿದ ಜಾಗವೂ ಗಾಲಾಪಗೋಸ್ ದ್ವೀಪಗಳ ಪಶ್ಚಿಮಕ್ಕಿರುವ ಪೆಸಿಫಿಕ್ ಸಾಗರವೇ. ಅಲ್ಲಿ ಸಿಡಿಲು ಕಡಿಮೆ, ಚಂಡಮಾರುತವಿಲ್ಲ, ವಿಮಾನಗಳ ಓಡಾಟ ಕಡಿಮೆ. ಕರಾವಳಿಯಿಂದ 200 ನಾಟಿಕಲ್ ಮೈಲಿ ದಾಟಿದರೆ ಯಾವ ದೇಶದ ಅನುಮತಿಯ ಹಂಗೂ ಬಹುಮಟ್ಟಿಗೆ ಇಲ್ಲ.

ಪನಾಮಾಕ್ಕೆ ಎರಡು ಸಾಗರಗಳ ನಡುವಿನ ಕಿರಿದಾದ ನೆಲವಿತ್ತು, ಈಜಿಪ್ಟಿಗೆ ಸುಯೆಜ್ ಇತ್ತು. ಬೇರೆ ದಾರಿ ಅಂದರೆ ಇಡೀ ಖಂಡ ಸುತ್ತಬೇಕು. ಕೀನ್ಯಾಕ್ಕೆ ಅಂಥ ಹಿಡಿತ ಇಲ್ಲ. ಅದರ ಬಳಿ ಇರುವುದು ಬಂದರು, ರಸ್ತೆ, ವಿದ್ಯುತ್ತು, ಇಂಗ್ಲಿಷ್ ಬಲ್ಲ ತಂತ್ರಜ್ಞರು, ನಡೆಯುವ ನ್ಯಾಯಾಲಯ. ಇವು ಬೆಲೆಬಾಳುತ್ತವೆ, ಆದರೆ ಇವುಗಳಿಗೆ ಪೈಪೋಟಿ ಇದೆ. ಹಿಡಿತ ಇದೆ ಎಂದುಕೊಂಡು ಬೆಲೆ ಕಟ್ಟಿದರೆ ಹೂಡಿಕೆದಾರ ನಡುಗಡಲಿಗೆ ಹೋಗುತ್ತಾನೆ. ಹಿಡಿತವೇ ಇಲ್ಲ ಎಂದು ಹೆದರಿ ಸಹಿ ಹಾಕಿದರೆ ಬಾಡಿಗೆ ಮಾತ್ರ ಸಿಗುತ್ತದೆ.

ಬಾಡಿಗೆ ಮಾತ್ರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಾಲಿಂದಿಯಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ನ್ಗೊಮೆನಿ ಎಂಬ ಮೀನುಗಾರರ ಊರು. ಅದರ ಎದುರಿನ ಕಡಲಲ್ಲಿ ಕಂಬಗಳ ಮೇಲೆ ನಿಂತಿರುವ ಉಕ್ಕಿನ ವೇದಿಕೆಗಳು ಇಟಲಿಯವರು ಕಟ್ಟಿದ ಸ್ಯಾನ್ ಮಾರ್ಕೊ ಉಡಾವಣಾ ನೆಲೆ. 1967ರಲ್ಲಿ ಅಲ್ಲಿಂದ ಮೊದಲ ಉಪಗ್ರಹ ಹಾರಿತು. 1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯ ದಿನವೇ, ಜಗತ್ತಿನ ಮೊದಲ ಎಕ್ಸ್-ರೇ ಖಗೋಳ ಉಪಗ್ರಹ ಹಾರಿತು. ಅದಕ್ಕೆ ಇಟ್ಟ ಹೆಸರು 'ಉಹುರು', ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಎಂದರ್ಥ. ರಾಕೆಟ್ ಅಮೆರಿಕದ್ದು, ವೇದಿಕೆ ಇಟಲಿಯದು, ಹೆಸರೊಂದು ಕೀನ್ಯಾದ್ದು. 1988ರಲ್ಲಿ ಕೊನೆಯ ಉಡಾವಣೆ ಮುಗಿದು, ಈಗ ದಡದಲ್ಲಿರುವ ಆಂಟೆನಾ ಕೇಂದ್ರ ಮಾತ್ರ ಕೆಲಸ ಮಾಡುತ್ತಿದೆ. ಕೀನ್ಯಾ ತನ್ನದೇ ಬಾಹ್ಯಾಕಾಶ ಸಂಸ್ಥೆ ಕಟ್ಟಿಕೊಂಡದ್ದು 2017ರಲ್ಲಿ, ಮೊದಲ ಉಡಾವಣೆಯ ಐವತ್ತು ವರ್ಷದ ನಂತರ. ಒಂದು ಪೀಳಿಗೆಯಷ್ಟು ಕಾಲ ಉಪಗ್ರಹಗಳು ಮನೆಯಂಗಳದಿಂದ ಹಾರಿದರೂ ಅದರ ಸುತ್ತ ಒಂದು ಕೈಗಾರಿಕೆ ಹುಟ್ಟಲಿಲ್ಲ. ಬಿಡಿಭಾಗ ಹೊರಗಿನಿಂದ ಬಂದವು, ಮಾಹಿತಿ ಹೊರಗೆ ಹೋಯಿತು, ಸ್ಥಳೀಯ ಕಾರ್ಖಾನೆಗೆ ಆರ್ಡರ್ ಸಿಗಲಿಲ್ಲ.

ನಮ್ಮ ಬೆಂಗಳೂರಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಪೀಣ್ಯದ ಸಣ್ಣ ವರ್ಕ್‌ಶಾಪುಗಳು ಬಾಹ್ಯಾಕಾಶದ ಬಿಡಿಭಾಗ ಮಾಡುವ ಮಟ್ಟಕ್ಕೆ ಬಂದದ್ದು ದಶಕಗಟ್ಟಲೆ ಇಸ್ರೊ, ಎಚ್ಎಎಲ್ ಆರ್ಡರ್ ಕೊಟ್ಟು, ತಪ್ಪಾದದ್ದನ್ನು ತಿರಸ್ಕರಿಸಿ, ಮತ್ತೆ ಮಾಡಿಸಿದ್ದರಿಂದ. ಊರಿಗೆ ಕೌಶಲ ಬರುವುದು ಖರೀದಿ ಆದೇಶದ ಮೂಲಕ.

ಈಗ ಲೆಕ್ಕ. ನೀವು ಲೆಕ್ಕದವರು, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ.

ಒಂದು ಕಿಲೋ ಸರಕನ್ನು ನೆಲದಿಂದ ಭೂಸ್ಥಿರ ಕಕ್ಷೆಗೆ ಎತ್ತಲು ಬೇಕಾದ ಶಕ್ತಿ ಸುಮಾರು 13.5 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 95 ರೂಪಾಯಿ. 'ನೂರು ರೂಪಾಯಿಗೆ ಬಾಹ್ಯಾಕಾಶ' ಎಂಬ ಮಾತು ಹುಟ್ಟುವುದು ಇಲ್ಲಿಂದ. ಆದರೆ ಹಗ್ಗ ಹತ್ತುವ ಬಂಡಿಗೂ ತೂಕವಿದೆ: 20 ಟನ್ನಿನ ಬಂಡಿಯಲ್ಲಿ ಸರಕು 13 ಟನ್ ಎಂದಿಟ್ಟುಕೊಳ್ಳಿ. ಬಂಡಿಗೆ ತಂತಿಯಲ್ಲಿ ಕರೆಂಟ್ ಕೊಡಲಾಗದು, ನೆಲದಿಂದ ಲೇಸರ್ ಹಾಯಿಸಬೇಕು. ಗ್ರಿಡ್‌ನಿಂದ ತೆಗೆದುಕೊಂಡದ್ದರಲ್ಲಿ ಹತ್ತನೇ ಒಂದು ಪಾಲು ಬಂಡಿಯ ಚಕ್ರಕ್ಕೆ ತಲುಪಿದರೂ ಒಳ್ಳೆಯದೇ. ಆಗ ಒಂದು ಕಿಲೋಗೆ 200 ಯೂನಿಟ್ ದಾಟುತ್ತದೆ, ಸುಮಾರು 1,450 ರೂಪಾಯಿ. ಇದೂ ರಾಕೆಟ್ಟಿಗೆ ಹೋಲಿಸಿದರೆ ಚಿಲ್ಲರೆಯೇ. ಕರೆಂಟಿನ ಬಿಲ್ಲು ಇಲ್ಲಿ ಸಮಸ್ಯೆಯಲ್ಲ. ಸಮಸ್ಯೆ ಬಡ್ಡಿ.

ಒಬಯಾಶಿ ಅಂದಾಜು 10 ಲಕ್ಷ ಕೋಟಿ ಯೆನ್, ಸಾಮಾನ್ಯವಾಗಿ ಹೇಳುವುದು 10,000 ಕೋಟಿ ಡಾಲರ್‌ನ ಆಸುಪಾಸು. ಕೀನ್ಯಾದ ಇಡೀ ವರ್ಷದ ಜಿಡಿಪಿ ಹೆಚ್ಚುಕಡಿಮೆ ಅಷ್ಟೇ. ಶೇಕಡಾ 6ರ ಬಡ್ಡಿಯಲ್ಲಿ ವರ್ಷಕ್ಕೆ 600 ಕೋಟಿ ಡಾಲರ್ ಬರೀ ಬಡ್ಡಿ. ನಾಲ್ಕು ದಿನಕ್ಕೊಂದು ಬಂಡಿ ಹೊರಟರೆ ವರ್ಷಕ್ಕೆ 90 ಸವಾರಿ, 1,170 ಟನ್ ಸರಕು. ಬಡ್ಡಿ ತೀರಿಸಲೆಂದೇ ಕಿಲೋಗೆ 5,100 ಡಾಲರ್ ಸುಂಕ ಬೇಕು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟಿನ ಪ್ರಕಟಿತ ಬೆಲೆ 7 ಕೋಟಿ ಡಾಲರ್‌ನ ಹತ್ತಿರ. ಅದು ಭೂಸ್ಥಿರ ಕಕ್ಷೆಯ ದಾರಿಗೆ 5.5 ಟನ್ ಬಿಡುತ್ತದೆ, ಕಿಲೋಗೆ ಸುಮಾರು 12,700 ಡಾಲರ್. ಅಂದರೆ ಲಿಫ್ಟೇ ಅಗ್ಗ ಎಂದು ಹಿಗ್ಗಬೇಡಿ. 1,170 ಟನ್ ಸರಕು ಬೇಕಲ್ಲ? ಈಚಿನ ವರ್ಷಗಳಲ್ಲಿ ಭೂಸ್ಥಿರ ಕಕ್ಷೆಗೆ ಕೊಡುವ ವಾಣಿಜ್ಯ ಉಪಗ್ರಹಗಳ ಆರ್ಡರ್ ವರ್ಷಕ್ಕೆ ಹತ್ತು-ಹದಿನೈದರ ಆಸುಪಾಸು. ಒಟ್ಟು ತೂಕ 100 ಟನ್ ಹಿಡಿಯೋಣ. ಆಗ ಅದೇ ಬಡ್ಡಿ ಕಿಲೋಗೆ 60,000 ಡಾಲರ್ ಆಗುತ್ತದೆ. ಎಡ್ವರ್ಡ್ಸ್ ಹೇಳಿದಂತೆ 1,000 ಕೋಟಿ ಡಾಲರಿನಲ್ಲೇ ಮುಗಿಯಿತು ಎಂದುಕೊಂಡರೂ 6,000 ಡಾಲರ್.

'ಸಾವಿರಾರು ಸಣ್ಣ ಉಪಗ್ರಹ ಹಾರುತ್ತಿವೆಯಲ್ಲ, ಅವು ಬರುವುದಿಲ್ಲವೇ?' ಸುಲಭವಾಗಿ ಬರುವುದಿಲ್ಲ. ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ತರಹದವು ಸುತ್ತುವುದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ. ಹಗ್ಗದ ಮೇಲೆ ಅಷ್ಟು ಎತ್ತರಕ್ಕೆ ಒಯ್ದು ಕೈಬಿಟ್ಟರೆ ಉಪಗ್ರಹ ಕಲ್ಲಿನಂತೆ ಕೆಳಗೆ ಬೀಳುತ್ತದೆ. ಏಕೆಂದರೆ ಹಗ್ಗ ಭೂಮಿಯ ಜೊತೆ ದಿನಕ್ಕೊಂದೇ ಸುತ್ತು ಬರುತ್ತದೆ, ಅಲ್ಲಿ ಕಕ್ಷೆಯಲ್ಲಿ ನಿಲ್ಲಲು ಬೇಕಾದ ವೇಗದ ಹದಿನೈದನೇ ಒಂದು ಭಾಗವೂ ಸಿಗುವುದಿಲ್ಲ. ಸುಮಾರು 23,500 ಕಿಲೋಮೀಟರಿಗಿಂತ ಮೇಲೆ ಹೋಗಿ ಬಿಟ್ಟರೆ ಮಾತ್ರ ಬೀಳದೆ ಉಳಿಯುತ್ತದೆ, ಆಮೇಲೆ ಎಂಜಿನ್ ಉರಿಸಿಯೋ ವಾತಾವರಣಕ್ಕೆ ಉಜ್ಜಿಸಿಯೋ ಕೆಳಗಿಳಿಸಬೇಕು. ಇಂದಿನ ದೊಡ್ಡ ಮಾರುಕಟ್ಟೆ ಇರುವ ಜಾಗ ಲಿಫ್ಟಿಗೆ ಒಗ್ಗದ ಜಾಗ. ಲಿಫ್ಟ್ ಬಂದರೆ ಹೊಸ ಬೇಡಿಕೆ ಹುಟ್ಟಬಹುದು, ಬಾಹ್ಯಾಕಾಶದ ಸೌರ ವಿದ್ಯುತ್ ಸ್ಥಾವರವೋ ಚಂದ್ರನ ಸರಕೋ. ಆ ಬೇಡಿಕೆಯ ಪಣವನ್ನು ಹಣವಿರುವವರು ಕಟ್ಟಲಿ. ಶಾಲೆ, ಆಸ್ಪತ್ರೆಗೆ ಹಣ ಹೊಂದಿಸುತ್ತಿರುವ ಖಜಾನೆ ಕಟ್ಟಬಾರದು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಮಾತು ಇಂಥಲ್ಲಿಗೇ ಹೇಳಿದ್ದು.

ರೈಲಿನ ಹೋಲಿಕೆ ತಂದ ನಿಮ್ಮ ಗೆಳೆಯರು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ಮೊಂಬಾಸಾ–ನೈರೋಬಿ ಮಾರ್ಗಕ್ಕೆ ಸುಮಾರು 360 ಕೋಟಿ ಡಾಲರ್ ತಗುಲಿತು. ಅದರ ಬಹುಪಾಲು ಚೀನಾದ ಎಕ್ಸಿಂ ಬ್ಯಾಂಕಿನ ಸಾಲ. ರೈಲು ಓಡತೊಡಗಿದ 2017ರಲ್ಲಿ ಡಾಲರಿಗೆ 103 ಶಿಲ್ಲಿಂಗ್ ಇತ್ತು. 2024ರ ಜನವರಿಗೆ 160ರ ಹತ್ತಿರ ಹೋಯಿತು. ರೈಲಿನ ಆದಾಯ ಶಿಲ್ಲಿಂಗಿನಲ್ಲಿ, ಕಂತು ಆಗ ಡಾಲರಿನಲ್ಲಿತ್ತು. ಒಂದು ಸ್ಲೀಪರ್ ಕೂಡ ಹೊಸದಾಗಿ ಹಾಕದೆ ಸಾಲದ ಹೊರೆ ಒಂದೂವರೆ ಪಟ್ಟಾಯಿತು. ಉಗಾಂಡಾದವರೆಗೆ ಹೋಗಬೇಕಿದ್ದ ಹಳಿ ನೈವಾಶಾ ಬಳಿ ನಿಂತದ್ದರಿಂದ ಸರಕಿನ ಅಂದಾಜೂ ಹುಸಿಯಾಯಿತು. ಲಿಫ್ಟಿನ ವಿಷಯದಲ್ಲಿ ಸುಂಕ ಡಾಲರಿನಲ್ಲೇ ಬರುವುದರಿಂದ ಮೊದಲ ಅಪಾಯ ಸ್ವಲ್ಪ ಕಡಿಮೆ. ಎರಡನೆಯದು ಹೆಚ್ಚು. ಅರ್ಧ ಹಳಿಯ ಮೇಲೆ ಅರ್ಧ ದೂರ ರೈಲು ಓಡಿಸಬಹುದು. ಅರ್ಧ ಹಗ್ಗದಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಕೀನ್ಯಾಕ್ಕೆ ನಿಜವಾದ ಅನುಕೂಲವೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. 20 ಟನ್ ಬಂಡಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಡಲು ಚಕ್ರದ ಬಳಿ 11 ಮೆಗಾವ್ಯಾಟ್ ಬೇಕು, ಲೇಸರಿನ ನಷ್ಟ ಸೇರಿಸಿ ಗ್ರಿಡ್‌ನಿಂದ ಸುಮಾರು 110. ದೇಶದ ಗರಿಷ್ಠ ಬೇಡಿಕೆ 2025ರ ಆರಂಭಕ್ಕೆ 2,300 ಮೆಗಾವ್ಯಾಟ್ ಆಸುಪಾಸು ಇತ್ತು, ಅಂದರೆ ಇದು ಅದರ ಶೇಕಡಾ 5. ಆದರೆ ಮೇಲೆ ಹೋದಂತೆ ಗುರುತ್ವ ಕುಗ್ಗುತ್ತದೆ. 2,640 ಕಿಲೋಮೀಟರ್ ಎತ್ತರದಲ್ಲಿ ಭಾರ ಅರ್ಧಕ್ಕಿಳಿಯುತ್ತದೆ, ಅಲ್ಲಿಗೆ ತಲುಪಲು 13 ಗಂಟೆ. ಅಂದರೆ ಬಂಡಿಯನ್ನು ರಾತ್ರಿ ಹತ್ತಕ್ಕೆ ಹೊರಡಿಸಿದರೆ ಅತಿ ಹೆಚ್ಚು ಕರೆಂಟ್ ಬೇಕಾಗುವ ಹೊತ್ತು ರಾತ್ರಿಗೇ ಬರುತ್ತದೆ. ಆಗ ಓಲ್ಕಾರಿಯಾದ ಭೂಶಾಖದ ಸ್ಥಾವರಗಳಲ್ಲಿ ಬೇಡಿಕೆಯಿಲ್ಲದೆ ಉಗಿಯನ್ನು ಗಾಳಿಗೆ ಬಿಡುವ ಸ್ಥಿತಿ ಇದೆ. ಆ ಉಗಿಗೆ ಒಬ್ಬ ಖಾಯಂ ಗಿರಾಕಿ ಸಿಕ್ಕಂತಾಗುತ್ತದೆ. ಷರತ್ತು ಒಂದೇ: ಲೈನು ಸಮಯಕ್ಕೆ ತಯಾರಿರಬೇಕು. ತುರ್ಕಾನಾ ಸರೋವರದ ಬಳಿ 310 ಮೆಗಾವ್ಯಾಟ್‌ನ 365 ಗಾಳಿಯಂತ್ರಗಳು 2017ರ ಆರಂಭಕ್ಕೆ ಸಿದ್ಧವಾದವು, ಕರೆಂಟ್ ಒಯ್ಯುವ ಲೈನ್ ಮುಗಿದದ್ದು 2018ರ ಸೆಪ್ಟೆಂಬರಿನಲ್ಲಿ. ಅಷ್ಟು ದಿನ ತಿರುಗದ ಯಂತ್ರಗಳಿಗೆ ದಂಡ ತೆರಬೇಕಾಯಿತು, ಏಕೆಂದರೆ ತಡವಾದರೆ ಯಾರು ಹೊಣೆ ಎಂಬ ಕಲಮು ಸರ್ಕಾರದ ಕಡೆಗೆ ಬರೆದಿತ್ತು.

ಉದ್ಯೋಗದ ಆಸೆ ದೊಡ್ಡದಾಗಿ ಇಟ್ಟುಕೊಳ್ಳಬೇಡಿ. ಯೋಜನೆಯ ಹಣದ ಸಿಂಹಪಾಲು ಹಗ್ಗಕ್ಕೆ, ಲೇಸರಿಗೆ, ಮೊದಲ ಎಳೆಯನ್ನು ಮೇಲಿನಿಂದ ಇಳಿಬಿಡಲು ಬೇಕಾದ ರಾಕೆಟ್ಟುಗಳಿಗೆ ಹೋಗುತ್ತದೆ. ಇವೆಲ್ಲ ಬೇರೆ ದೇಶದಲ್ಲಿ ತಯಾರಾಗುವಂಥವು. ಕೀನ್ಯಾದೊಳಗೆ ಖರ್ಚಾಗುವುದು ಜೆಟ್ಟಿ, ವೇದಿಕೆಯ ನಿರ್ವಹಣೆ, ವಿದ್ಯುತ್ತು, ವಸತಿ, ಊಟ, ಕಾವಲು. ಕಟ್ಟುವಾಗ ಸಾವಿರಾರು ಕೈಗೆ ಕೆಲಸ, ಮುಗಿದ ಮೇಲೆ ಕೆಲವೇ ನೂರು. ಇನ್ನು ಮೀನುಗಾರರು. ವೇದಿಕೆಯ ಸುತ್ತ ದೋಣಿ ಬರಬಾರದ ವಲಯ ಹಾಕಲೇಬೇಕು. ಮಾಲಿಂದಿಯ ಉತ್ತರಕ್ಕೆ ಲಾಮು ಬಂದರು ಕಟ್ಟುವಾಗ ಹೂಳೆತ್ತಿದ್ದರಿಂದ ಬದುಕು ಕಳಕೊಂಡ 4,600ಕ್ಕೂ ಹೆಚ್ಚು ಮೀನುಗಾರರಿಗೆ 176 ಕೋಟಿ ಶಿಲ್ಲಿಂಗ್ ಪರಿಹಾರ ಕೊಡಬೇಕೆಂದು 2018ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಈ ಮೊತ್ತವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಕೆಲಸ ಶುರುವಾಗುವ ಮುಂಚೆ ಕೈಗೆ ಕೊಟ್ಟಿದ್ದರೆ ಆ ಜನ ಕೋರ್ಟು ಹತ್ತಬೇಕಿರಲಿಲ್ಲ.

ಹಾಗಾದರೆ ಒಂದು ದೇಶದ ಮುಂದಿರುವ ದಾರಿ ಯಾವುವು? ಸರ್ಕಾರವೇ ಸಾಲ ಮಾಡಿ ಕಟ್ಟುವುದು ಒಂದು. ಮೇಲಿನ ಲೆಕ್ಕ ನೋಡಿದ ಮೇಲೆ ಇದನ್ನು ಬಿಡಿ ಎಂದೇ ನನ್ನ ಸ್ಪಷ್ಟ ಸಲಹೆ. ಖಾಸಗಿ ಸಾಲಕ್ಕೆ ಸರ್ಕಾರ ಖಾತ್ರಿ ನಿಲ್ಲುವುದೂ ಅದೇ ಸಾಲದ ಇನ್ನೊಂದು ರೂಪ. ಪಾಲುದಾರಿಕೆ ಇನ್ನೊಂದು ದಾರಿ: ಕಡಲು, ಬಂದರು, ವಿದ್ಯುತ್ತನ್ನು ಬಂಡವಾಳವೆಂದು ಎಣಿಸಿ ಷೇರು ಪಡೆಯುವುದು. ಕೇಳಲು ಚೆನ್ನ. ಸುಯೆಜ್ ಕಾಲುವೆಯಲ್ಲಿ ಈಜಿಪ್ಟಿಗೆ ಶೇಕಡಾ 44 ಷೇರಿತ್ತು, ನಿವ್ವಳ ಲಾಭದಲ್ಲಿ ಬೇರೆಯಾಗಿ ಶೇಕಡಾ 15 ಪಾಲೂ ಇತ್ತು. ಸಾಲದ ಒತ್ತಡದಲ್ಲಿ 1875ರಲ್ಲಿ ಷೇರನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿತು, 1880ರಲ್ಲಿ ಲಾಭದ ಪಾಲನ್ನೂ ಕಳಕೊಂಡಿತು. ಕಾಲುವೆ ಲಾಭ ಸುರಿಸತೊಡಗಿದಾಗ ಈಜಿಪ್ಟ್ ದಡದಲ್ಲಿ ನಿಂತು ನೋಡಬೇಕಾಯಿತು. ಷೇರು ಪಡೆಯುವುದಾದರೆ ಅದನ್ನು ಅಡ ಇಡಬಾರದು, ಮಾರಬಾರದು ಎಂದು ಕಾನೂನಿನಲ್ಲೇ ಬರೆಯಬೇಕು. ಹೊಸ ಬಂಡವಾಳ ಬಂದಾಗ ಪಾಲು ಕರಗದಂತೆ ರಕ್ಷಣೆಯೂ ಬೇಕು.

ನನಗೆ ಸರಿ ಕಾಣುವುದು ಗುತ್ತಿಗೆಯ ದಾರಿ: ಕಟ್ಟುವವರು ತಮ್ಮ ಹಣದಲ್ಲಿ ಕಟ್ಟಲಿ, ದೇಶ ಕಿಲೋ ಲೆಕ್ಕದಲ್ಲಿ ಸುಂಕ ಪಡೆಯಲಿ. ಕಿಲೋಗೆ 50 ಡಾಲರ್ ಎಂದುಕೊಳ್ಳಿ. ಬಂಡಿಗಳು ತುಂಬಿ ಓಡಿದರೆ ವರ್ಷಕ್ಕೆ 5.85 ಕೋಟಿ ಡಾಲರ್, 100 ಟನ್ ಮಾತ್ರ ಸಾಗಿದರೆ ಬರೀ 50 ಲಕ್ಷ. ಆದ್ದರಿಂದ ಸರಕು ಬರಲಿ ಬಿಡಲಿ ಇಷ್ಟು ಕೊಡಲೇಬೇಕು ಎಂಬ ಕನಿಷ್ಠ ಮೊತ್ತ ಇರಬೇಕು, ಅದು ಬೆಲೆಯೇರಿಕೆಯ ಜೊತೆ ಏರುತ್ತಿರಬೇಕು. ಕಾಲುವೆಗಾಗಿ ಪನಾಮಾ ಅಮೆರಿಕದ ಜೊತೆ ಮಾಡಿಕೊಂಡ 1903ರ ಒಪ್ಪಂದದಲ್ಲಿ ಬೆಲೆಯೇರಿಕೆಯ ಈ ಎಚ್ಚರ ಇರಲಿಲ್ಲ, ಅವಧಿಯ ಮಿತಿಯೂ ಇರಲಿಲ್ಲ. ಪನಾಮಾದ ಪರವಾಗಿ ಅದಕ್ಕೆ ಸಹಿ ಹಾಕಿದ್ದೇ ಒಬ್ಬ ಫ್ರೆಂಚ್ ಎಂಜಿನಿಯರ್. ಒಂದೇ ಸಲಕ್ಕೆ 1 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ ಎರಡೂವರೆ ಲಕ್ಷ, ಅವಧಿ 'ಶಾಶ್ವತ'. ಕಾಲುವೆ ಪನಾಮಾದ ಕೈಗೆ ಬಂದದ್ದು 1999ರ ಡಿಸೆಂಬರ್ 31ಕ್ಕೆ. ಈಗ ಅದು ದೇಶದ ಖಜಾನೆಗೆ ವರ್ಷಕ್ಕೆ 200 ಕೋಟಿ ಡಾಲರಿಗೂ ಮೀರಿ ಕೊಡುತ್ತಿದೆ. ಆದ್ದರಿಂದ ಗುತ್ತಿಗೆಯ ಅವಧಿ ಬರೆದಿರಲಿ, ಅವಧಿ ಮುಗಿದಾಗ ವೇದಿಕೆ, ಲೇಸರ್, ಹಗ್ಗ ಎಲ್ಲ ಸುಸ್ಥಿತಿಯಲ್ಲಿ ಹಸ್ತಾಂತರವಾಗಲಿ. ಇಷ್ಟು ಪಾಲು ಖರೀದಿ ಸ್ಥಳೀಯವಾಗಿ ಎಂಬ ಮಾತು ವರ್ಷವಾರು ಏರುವ ಅಂಕಿಯಾಗಿ ಇರಲಿ, ತಪ್ಪಿದರೆ ದಂಡವೂ ಇರಲಿ. ವರ್ಷಕ್ಕೊಂದೆರಡು ಸವಾರಿ ದೇಶದ ವಿಶ್ವವಿದ್ಯಾಲಯಗಳಿಗೆ ಉಚಿತವಾಗಿ ಮೀಸಲಿರಲಿ.

ಹೊಣೆಗಾರಿಕೆಯ ಕಲಮನ್ನು ಮಾತ್ರ ಎಂದೂ ಸಡಿಲ ಬಿಡಬಾರದು. 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ಉಡಾಯಿಸಿದ ದೇಶ ಮಾತ್ರವಲ್ಲ, ಯಾರ ನೆಲದಿಂದ ಉಡಾವಣೆ ಆಯಿತೋ ಆ ದೇಶವೂ ಕೆಳಗೆ ಬಿದ್ದದ್ದರ ಹಾನಿಗೆ ಹೊಣೆ. ಆ ಒಪ್ಪಂದ ಬರೆದದ್ದು ರಾಕೆಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. ಹಗ್ಗಕ್ಕೆ ಅದು ಅನ್ವಯಿಸುತ್ತದೆಂದೇ ಹಿಡಿದು ನಡೆಯುವುದು ಕ್ಷೇಮ. ಹಗ್ಗ ಎತ್ತರದಲ್ಲಿ ತುಂಡಾದರೆ ಕೆಳಭಾಗ ಪೂರ್ವಕ್ಕೆ ಬಾಗಿ ಬೀಳುತ್ತದೆ, ಕೀನ್ಯಾದಿಂದ ಪೂರ್ವಕ್ಕೆ ಹಿಂದೂ ಮಹಾಸಾಗರ, ಮಾಲ್ಡೀವ್ಸ್, ಸುಮಾತ್ರಾ. ಬಾಹ್ಯಾಕಾಶದ ಕಬ್ಬಿಣ ಮನೆಯಂಗಳಕ್ಕೆ ಬೀಳುವುದು ಹೇಗಿರುತ್ತದೆ ಎಂಬುದು ಕೀನ್ಯಾಕ್ಕೆ ಗೊತ್ತು: 2024ರ ಡಿಸೆಂಬರ್ 30ರಂದು ಮಕುಯೆನಿ ಜಿಲ್ಲೆಯ ಮುಕುಕು ಹಳ್ಳಿಗೆ ಎರಡೂವರೆ ಮೀಟರ್ ಅಗಲದ, 500 ಕಿಲೋ ತೂಕದ ಲೋಹದ ಬಳೆಯೊಂದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಪೂರ್ತಿ ವಿಮೆ ಮಾಡಿಸುವುದು, ಸರ್ಕಾರದ ಮೇಲೆ ಬರುವ ಪರಿಹಾರವನ್ನೆಲ್ಲ ಕಟ್ಟಿದವರೇ ಭರಿಸುವುದು, ಈ ಎರಡು ಇಲ್ಲದ ಕರಡನ್ನು ಮೇಜಿನಿಂದ ವಾಪಸು ಕಳಿಸಬೇಕು.

ಒಬ್ಬಂಟಿಯಾಗಿ ಚೌಕಾಸಿಗೆ ಕೂರುವುದಕ್ಕಿಂತ ನೆರೆಯವರೊಡನೆ ಕೂರುವುದು ಲೇಸು. 1976ರಲ್ಲಿ ಕೀನ್ಯಾ, ಉಗಾಂಡಾ, ಇಂಡೊನೇಷ್ಯಾ, ಬ್ರೆಜಿಲ್, ಕೊಲಂಬಿಯಾ ಸೇರಿ ಎಂಟು ದೇಶಗಳು ಬೊಗೋಟಾದಲ್ಲಿ ಸೇರಿ 'ನಮ್ಮ ನೆತ್ತಿಯ ಮೇಲಿನ ಭೂಸ್ಥಿರ ಕಕ್ಷೆ ನಮ್ಮದು' ಎಂದು ಘೋಷಿಸಿದವು. ಬಾಹ್ಯಾಕಾಶ ಯಾವ ದೇಶದ ಸ್ವತ್ತೂ ಅಲ್ಲ ಎಂಬ 1967ರ ಒಪ್ಪಂದದೆದುರು ಅದು ನಿಲ್ಲಲಿಲ್ಲ. ಆಕಾಶದ ಒಡೆತನ ಕೇಳಿದ್ದರಿಂದ ಸೋತರು. ಕನಿಷ್ಠ ಸುಂಕ, ಕನಿಷ್ಠ ಪರಿಹಾರ, ಇದಕ್ಕಿಂತ ಕೆಳಗೆ ನಮ್ಮಲ್ಲಿ ಯಾರೂ ಇಳಿಯುವುದಿಲ್ಲ ಎಂದು ಅದೇ ದೇಶಗಳು ಒಂದಾದರೆ ಅದನ್ನು ಯಾವ ಒಪ್ಪಂದವೂ ತಡೆಯುವುದಿಲ್ಲ.

ಇನ್ನು ನಿಮ್ಮ ಷಡ್ಡಕರ ಪ್ಲಾಟು. ಲಿಫ್ಟಿನ ಹೆಸರಲ್ಲಿ ಒಂದು ಶಿಲ್ಲಿಂಗೂ ಹೆಚ್ಚು ಕೊಡಬೇಡಿ. 2010ರ ಸಂವಿಧಾನದ ಪ್ರಕಾರ ಕೀನ್ಯಾದ ಪೌರರಲ್ಲದವರಿಗೆ ಸಿಗುವುದು ಹೆಚ್ಚೆಂದರೆ 99 ವರ್ಷದ ಗುತ್ತಿಗೆ ಹಕ್ಕು. 'ಫ್ರೀಹೋಲ್ಡ್ ಕೊಡಿಸುತ್ತೇನೆ' ಎಂದವನ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಕರಾವಳಿಯ ಹತ್ತು ಮೈಲಿ ಪಟ್ಟಿಯಲ್ಲಿ ಕಾಗದದ ಒಡೆಯ ಒಬ್ಬ, ತಲೆಮಾರಿನಿಂದ ಮನೆ ಕಟ್ಟಿಕೊಂಡಿರುವವರು ಇನ್ನೊಬ್ಬರು ಎಂಬ ತಕರಾರು ಹಳೆಯದು. ಟೈಟಲ್ ನಂಬರ್ ತೆಗೆದುಕೊಂಡು ಭೂ ನೋಂದಣಿ ಕಚೇರಿಯಲ್ಲಿ ಅಧಿಕೃತ ಸರ್ಚ್ ಮಾಡಿಸಿ, ಅಡಮಾನ, ತಡೆ ಏನಾದರೂ ಇದೆಯೇ ನೋಡಿ. ಪರವಾನಗಿ ಇರುವ ಸರ್ವೇಯರ್ ಕರೆದುಕೊಂಡು ಹೋಗಿ ನಕ್ಷೆಯ ಕಲ್ಲುಗಳು ನೆಲದ ಮೇಲೂ ಇವೆಯೇ ಎಂದು ಅಳೆಸಿ. ಬ್ರೋಕರ್ ಇಲ್ಲದ ಹೊತ್ತಿನಲ್ಲಿ ಅಕ್ಕಪಕ್ಕದ ಮನೆಯವರನ್ನು 'ಈ ಜಾಗ ಯಾರದು' ಎಂದು ಕೇಳಿ. ಇಷ್ಟಾದ ಮೇಲೂ ಬೇಕೆನಿಸಿದರೆ, ಮಾಲಿಂದಿಯಲ್ಲಿ ಇವತ್ತು ಸಿಗುವ ಬಾಡಿಗೆಗೆ ಆ ಬೆಲೆ ಗಿಟ್ಟುತ್ತದೆಯೇ ಎಂದು ನೀವೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ಅವರ ಮುಂದಿಡಿ.